ಇಲ್ಲದ ಅಣ್ಣನ ಡಿಸ್ಕೋ

ಮಾತು ಬರುವ ಮನುಷ್ಯ ಮೂವತ್ತನಾಲ್ಕು ವರ್ಷ ಮಾತಾಡದೆ ಇರುವುದೆಂದರೆ ಹುಡುಗಾಟವಲ್ಲ. ಋಷಿಗಳಿಗಾದರೆ ಕಾಡು ಇರುತ್ತದೆ, ಮಾತಾಡಿಸುವವರು ಯಾರೂ ಇರುವುದಿಲ್ಲ. ನಮ್ಮ ಗ್ರಂಥಪಾಲರಿಗೆ ಇದ್ದದ್ದು ಎರಡನೇ ಮಹಡಿಯಲ್ಲಿ ಮೂರು ಕೋಣೆಯ ಮನೆ, ಒಬ್ಬ ಹೆಂಡತಿ, ಎಂಬತ್ತು ವರ್ಷದ ಒಬ್ಬ ಅತ್ತೆ ಮತ್ತು ಕೆಳಗಿನ ಮನೆಯಲ್ಲಿ ಒಬ್ಬ ನಿವೃತ್ತ ಕೋರ್ಟ್ ಗುಮಾಸ್ತ. ಇಷ್ಟು ಜನರ ನಡುವೆ ಮೌನ ಸಾಧಿಸಿದವರನ್ನು ಋಷಿ ಎಂದರೂ ಕಡಿಮೆಯೇ.

ಸಾರ್ವಜನಿಕ ಗ್ರಂಥಾಲಯದಲ್ಲಿ ಅವರ ಕುರ್ಚಿಯ ಹಿಂದೆ 'ನಿಶ್ಶಬ್ದ' ಎಂಬ ಹಲಗೆ ತೂಗುತ್ತಿತ್ತು. ಹಲಗೆಯನ್ನು ಓದದವರು ಅವರ ಮುಖವನ್ನು ಓದಿ ಸುಮ್ಮನಾಗುತ್ತಿದ್ದರು. ಪುಸ್ತಕ ತಡವಾಗಿ ತಂದವರಿಗೆ ಅವರು ಏನೂ ಹೇಳುತ್ತಿರಲಿಲ್ಲ, ಕನ್ನಡಕ ತೆಗೆದು ನೋಡುತ್ತಿದ್ದರು ಅಷ್ಟೆ. ಆ ನೋಟಕ್ಕೆ ಹೆದರಿ, ಓದದೆ ಇಟ್ಟುಕೊಂಡಿದ್ದ ಇನ್ನೆರಡು ಪುಸ್ತಕಗಳನ್ನೂ ಚೀಲದಿಂದ ತೆಗೆದುಕೊಟ್ಟು ಹೋದವರಿದ್ದಾರೆ.

ಮನೆಯಲ್ಲೂ ಹಾಗೆಯೇ. ಕರೆಗಂಟೆಯ ತಂತಿ ಕಿತ್ತು ಎಷ್ಟೋ ವರ್ಷವಾಗಿತ್ತು. ಕುಕ್ಕರ್ ಇನ್ನೇನು ಕೂಗಬೇಕು ಅನ್ನುವಷ್ಟರಲ್ಲಿ ಅತ್ತೆ ಓಡಿಬಂದು ಒಲೆ ಆರಿಸುತ್ತಿದ್ದರು. ಹೀಗಾಗಿ ಆ ಮನೆಯಲ್ಲಿ ಬೇಳೆ ಒಂದು ದಿನವೂ ಪೂರ್ತಿ ಬೆಂದದ್ದಿಲ್ಲ. "ನಮ್ಮ ಅಳಿಯಂದ್ರು ಮಾತನ್ನ ತೂಕ ಮಾಡಿ ಆಡ್ತಾರೆ" ಎಂದು ಅತ್ತೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ಅದನ್ನೂ ಪಿಸುಗುಟ್ಟಿಯೇ ಹೇಳುತ್ತಿದ್ದರು.

ಇಷ್ಟು ದೊಡ್ಡ ಮೌನಕ್ಕೆ ಏನೋ ದೊಡ್ಡ ಕಾರಣವಿರಬೇಕು, ತತ್ತ್ವಜ್ಞಾನ, ವೈರಾಗ್ಯ ಇತ್ಯಾದಿ, ಎಂದು ಓದುಗರು ಊಹಿಸಿದರೆ ಅದು ಓದುಗರ ದೊಡ್ಡತನ. ನಿಜವಾದ ಕಾರಣ ಒಂದು ಗಂಟಲು ನೋವು.

ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಗ್ರಂಥಪಾಲರು ಗ್ರಂಥಪಾಲರಾಗಿರಲಿಲ್ಲ. ಭುಜಕ್ಕೆ ಇಳಿದ ಕೂದಲು, ಪಾದದ ಹತ್ತಿರ ಕೊಡೆಯಷ್ಟು ಅಗಲವಾಗುವ ಮಿರಿಮಿರಿ ಪ್ಯಾಂಟು, ಹೆಸರು 'ಮಿಂಚು'. ಮೂವರು ಗೆಳೆಯರ ಜೊತೆ ಸೇರಿ ಅವರೊಂದು ಡಿಸ್ಕೋ ಆಲ್ಬಂ ಹಾಡಿದ್ದರು. ಅದಕ್ಕೆ 'ಶನಿವಾರ ಏಳೂವರೆ' ಎಂದು ಹೆಸರಿಟ್ಟಿದ್ದರು. ಮೂರನೇ ಹಾಡಿನ ಕೊನೆಯಲ್ಲಿ ಒಂದು ಕೂಗು ಇತ್ತು. ಒಂದೇ ಉಸಿರಿನಲ್ಲಿ ಇಪ್ಪತ್ತೆರಡು ಸೆಕೆಂಡು. ನಾಭಿಯಿಂದ ಹೊರಟು, ಮೇಲೆ ಹತ್ತಿ, ಅಲ್ಲೇ ಎರಡು ಸುತ್ತು ಹಾಕಿ, ಕುಣಿಯುತ್ತ ಕೆಳಗಿಳಿಯುವ ಕೂಗು. ಧ್ವನಿಮುದ್ರಣ ಮಾಡುವವನಿಗೆ ಅದು ಹದಿನೇಳನೇ ಸಲ ಒಪ್ಪಿಗೆಯಾಯಿತು. ಹದಿನೆಂಟನೇ ಸಲ ಬಾಯಿ ತೆರೆದರೆ ಮಿಂಚುವಿನ ಗಂಟಲಿನಿಂದ ಬರೀ ಗಾಳಿ ಬಂತು. ಎರಡು ವಾರ ತುಟಿಪಿಟಕ್ಕೆನ್ನಬಾರದು ಎಂದು ವೈದ್ಯರು ತಾಕೀತು ಮಾಡಿದರು. ಐದನೇ ದಿನವೇ ಅಪ್ಪ ಅವರ ಕೂದಲು ಕತ್ತರಿಸಿ ಹೆಣ್ಣು ನೋಡಲು ಕರೆದುಕೊಂಡು ಹೋದರು.

ಮಗ ಡಿಸ್ಕೋ ಕೂಗಿ ಗಂಟಲು ಕೆಡಿಸಿಕೊಂಡಿದ್ದಾನೆ ಎಂದು ಬೀಗರಾಗುವವರ ಮುಂದೆ ಹೇಳಲು ಯಾವ ಅಪ್ಪನಿಗೆ ಬಾಯಿ ಬರುತ್ತದೆ? "ಮೊದಲಿಂದಲೂ ಹೀಗೇ, ಸ್ವಲ್ಪ ಗಂಭೀರ" ಎಂದುಬಿಟ್ಟರು. ಏನು ಓದಿದ್ದೀರಿ ಎಂದರೆ ಹುಡುಗ ತಲೆ ಬಾಗಿಸಿದ. ಹುಡುಗಿ ಒಪ್ಪಿಗೆಯಾ ಎಂದರೂ ತಲೆ ಬಾಗಿಸಿದ. ಹುಡುಗಿಯ ಅಪ್ಪ ಗ್ರಂಥಾಲಯ ಇಲಾಖೆಯಲ್ಲಿದ್ದವರು. "ಇಂಥವರು ನಮ್ಮ ಇಲಾಖೆಗೆ ಬೇಕು" ಎಂದು ಅವತ್ತೇ ಅರ್ಜಿ ಬರೆಸಿದರು. ಗಂಟಲು ಸರಿಹೋಗುವ ಹೊತ್ತಿಗೆ ಮದುವೆ ಗೊತ್ತಾಗಿತ್ತು, ಕೆಲಸ ಸಿಕ್ಕಿತ್ತು, ಗಾಂಭೀರ್ಯ ನಾಲ್ಕು ಬೀದಿಗೆ ಹರಡಿತ್ತು. ಇನ್ನು ಬಾಯಿ ಬಿಟ್ಟರೆ ಬಣ್ಣ ಬಯಲು.

ಆಲ್ಬಂ ಹೊರಬಂದಿದ್ದರೆ ಅವತ್ತೇ ಗುಟ್ಟು ರಟ್ಟಾಗುತ್ತಿತ್ತು. ಆದರೆ ಕ್ಯಾಸೆಟ್ ಕಂಪನಿಯ ಮಾಲೀಕನಿಗೂ ಅವನ ಭಾವಮೈದುನನಿಗೂ ಹೊದಿಕೆಯ ಬಣ್ಣದ ವಿಷಯದಲ್ಲಿ ಜಗಳವಾಯಿತು. ಒಬ್ಬ ನೀಲಿ ಎಂದ, ಇನ್ನೊಬ್ಬ ನೇರಳೆ ಎಂದ. ಟೇಪನ್ನು ಬೀರುವಿನಲ್ಲಿಟ್ಟು ಇಬ್ಬರೂ ಒಂದೊಂದು ಬೀಗ ಜಡಿದರು, ಮಾತು ಬಿಟ್ಟರು, ಹಾಗೇ ಸತ್ತೂ ಹೋದರು. ಇಬ್ಬರ ಆತ್ಮಕ್ಕೂ ಶಾಂತಿ ಸಿಗಲೆಂದು ಜಗತ್ತಿನಲ್ಲಿ ಮನಸಾರೆ ಹಾರೈಸಿದವರು ಗ್ರಂಥಪಾಲರೊಬ್ಬರೇ.

ಮೂವತ್ತನಾಲ್ಕು ವರ್ಷವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಅತ್ತೆ ತೆರೆದರು. ನಡುವಯಸ್ಸಿನ ಹೆಂಗಸೊಬ್ಬರು ಕಂಕುಳಲ್ಲಿ ಫೈಲು ಹಿಡಿದು ನಿಂತಿದ್ದರು.

"ಮಿಂಚು ಅಂತ ಇಲ್ಲಿದ್ದಾರಾ? ಡಿಸ್ಕೋ ಹಾಡೋರು?"

ಅತ್ತೆ ಈ ಮನೆ, ಈ ಅಳಿಯ, ಡಿಸ್ಕೋ, ಮೂರನ್ನೂ ಒಟ್ಟಿಗೆ ಯೋಚಿಸಿ ನೋಡಿದರು. ತಲೆ ಸುತ್ತು ಬಂದಂತಾಗಿ ಬಾಗಿಲು ಹಿಡಿದುಕೊಂಡರು. ಅಷ್ಟರಲ್ಲಿ ಆಕೆ ಒಳಗೆ ಬಂದು, ತಾನು ಆ ಕ್ಯಾಸೆಟ್ ಕಂಪನಿಯಿಂದ ಬಂದಿರುವುದು, ಹಳೇ ಕಟ್ಟಡ ಕೆಡವುವಾಗ ಬೀರು ಒಡೆದದ್ದು, ಟೇಪು ಸಿಕ್ಕಿದ್ದು, ಈಗ ಹಳೇ ಡಿಸ್ಕೋಗೆ ಜನ ಹುಚ್ಚೆದ್ದಿರುವುದು, ಉಳಿದ ಮೂವರೂ ಸಹಿ ಹಾಕಿರುವುದು ಎಲ್ಲವನ್ನೂ ಹೇಳಿ ಮೇಜಿನ ಮೇಲೆ ಒಂದು ಫೋಟೊ ಇಟ್ಟರು. ಫೋಟೊದಲ್ಲಿ ಕೂದಲು, ಪ್ಯಾಂಟು, ಎರಡೂ ಸಂಪೂರ್ಣವಾಗಿ ಕಾಣುತ್ತಿದ್ದವು.

ಹೆಂಡತಿ ಫೋಟೊ ನೋಡಿದರು, ಗಂಡನನ್ನು ನೋಡಿದರು. "ರೀ, ನಿಮ್ಮ ಥರಾನೇ ಇದ್ದಾರಲ್ಲ!"

ಗ್ರಂಥಪಾಲರ ಎದುರಿಗೆ ಎರಡು ದಾರಿ ಇದ್ದವು. ಒಂದು ನಿಜ ಹೇಳುವುದು. ಅವರು ಇನ್ನೊಂದನ್ನು ಹಿಡಿದರು.

"ಅವನು ನಮ್ಮಣ್ಣ" ಎಂದರು.

"ನಿಮಗೆ ಅಣ್ಣ ಇದ್ದಾರಾ?" ಹೆಂಡತಿ ಕುರ್ಚಿಯ ಮೇಲೆ ಕುಸಿದರು. "ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ರೀ!"

"ಅಳಿಯಂದ್ರು ಯಾವುದನ್ನ ತಾನೇ ಹೇಳಿದ್ದಾರೆ?" ಎಂದು ಅತ್ತೆ ಮೆಲ್ಲಗೆ ಸಮಾಧಾನ ಹೇಳಿದರು. "ಮನಸ್ಸಲ್ಲೇ ಎಷ್ಟು ನೊಂದುಕೊಂಡಿದ್ರೋ ಏನೋ."

"ಈಗ ಎಲ್ಲಿದ್ದಾರೆ?" ಎಂದು ಕಂಪನಿಯಾಕೆ ಕೇಳಿದರು.

"ಎಲ್ಲೋ ಇದ್ದಾನೆ" ಎಂದರು ಗ್ರಂಥಪಾಲರು. ಒಂದೇ ಬೆಳಿಗ್ಗೆ ಎರಡು ವಾಕ್ಯ ಆಡಿ ಅವರಿಗೆ ಆಯಾಸವಾಗಿತ್ತು.

ಸದ್ದಿಲ್ಲದ ಮನೆಯ ತೊಂದರೆ ಏನೆಂದರೆ, ಅಲ್ಲಿ ಒಂದು ಮಾತಾಡಿದರೂ ಕೆಳಗಿನ ಮನೆಗೆ ಸ್ಪಷ್ಟವಾಗಿ ಕೇಳುತ್ತದೆ. ಕಂಪನಿಯಾಕೆ ಮೆಟ್ಟಿಲಿಳಿಯುವ ಮೊದಲೇ ಕೋರ್ಟ್ ಗುಮಾಸ್ತರು ಮೆಟ್ಟಿಲು ಹತ್ತಿ ಬಂದಿದ್ದರು.

"ನೋಡಿ ಸಾರ್, ನಾನು ಮೂವತ್ತೊಂದು ವರ್ಷ ಕೋರ್ಟಲ್ಲಿ ಕೇಸು ಕೂಗಿದೋನು. ಅಣ್ಣ ನಾಪತ್ತೆ, ತಮ್ಮ ಬಾಯಿ ಬಿಡಲ್ಲ ಅಂದ್ರೆ ಜನ ಏನಂತಾರೆ ಗೊತ್ತಾ? ಮನೆಯಿಂದ ಓಡಿಸಿದ್ದಾನೆ ಅಂತಾರೆ. ನಾನು ಅನ್ನಲ್ಲ. ಆದ್ರೆ ಅಂದುಕೊಳ್ತೀನಿ."

"ಅಯ್ಯೋ, ಹುಡುಕಿಸೋಣ ಗುಮಾಸ್ತರೇ" ಎಂದು ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಮ್ಮೋರ ಕಡೆ ಅಂತ ಒಬ್ಬರೂ ಇಲ್ಲ ಅಂದುಕೊಂಡಿದ್ದೆ. ಭಾವ ಇದ್ದಾರೆ ಅಂತ ಈಗ ಗೊತ್ತಾಯ್ತಲ್ಲ."

ಮರುದಿನ ಗ್ರಂಥಪಾಲರು ಕೆಲಸಕ್ಕೆ ಹೋದಾಗ, 'ನಿಶ್ಶಬ್ದ' ಎಂಬ ಹಲಗೆಯ ಪಕ್ಕದಲ್ಲೇ ಮಿಂಚುವಿನ ಫೋಟೊ ಅಂಟಿಸಲಾಗಿತ್ತು. ಕೆಳಗೆ ಗುಮಾಸ್ತರ ದುಂಡು ಅಕ್ಷರದಲ್ಲಿ, 'ಈ ವ್ಯಕ್ತಿಯನ್ನು ಕಂಡವರು ಗ್ರಂಥಪಾಲರಿಗೆ ತಿಳಿಸತಕ್ಕದ್ದು' ಎಂದಿತ್ತು. ಗ್ರಂಥಪಾಲರು ದಿನವಿಡೀ ಆ ಫೋಟೊದ ಮುಂದೆ ಕೂತರು. ಕಂಡವರು ಯಾರೂ ಗುರುತಿಸಲಿಲ್ಲ. ಇದರಿಂದ ಅವರಿಗೆ ನೆಮ್ಮದಿಯಾಯಿತು, ಒಳಗೊಳಗೆ ಸ್ವಲ್ಪ ಅವಮಾನವೂ ಆಯಿತು.

ಆಮೇಲೆ ಶುರುವಾಯಿತು. ಅಣ್ಣ ಬಸ್ ನಿಲ್ದಾಣದಲ್ಲಿ ಬಲೂನು ಮಾರುವುದನ್ನು ಪತ್ರಿಕೆ ಓದಲು ಬರುವ ಒಬ್ಬರು ಕಣ್ಣಾರೆ ಕಂಡಿದ್ದರು. ಇನ್ನೊಬ್ಬರಿಗೆ ಅವನು ಹಡಗಿನ ಅಡುಗೆಯವನಾಗಿ ಸಿಕ್ಕಿದ್ದ. ಔಷಧಿ ಅಂಗಡಿಯವರ ಪ್ರಕಾರ ಅವನು ಪಕ್ಕದ ಊರಿನಲ್ಲಿ ಮೂರು ಮದುವೆಯಾಗಿ ಸುಖವಾಗಿದ್ದ. ಹೆಂಡತಿ ದಿನಾ ಮಧ್ಯಾಹ್ನ ಡಬ್ಬಿಯಲ್ಲಿ ಊಟ ತುಂಬಿಕೊಂಡು ಬಸ್ ನಿಲ್ದಾಣಕ್ಕೆ ಹೋಗಿ, ಬಲೂನು ಮಾರುವವರ ಮುಖವನ್ನೆಲ್ಲ ಫೋಟೊ ಜೊತೆ ಹೋಲಿಸಿ, ಬೇಯದ ಬೇಳೆಯನ್ನು ವಾಪಸ್ ತರುತ್ತಿದ್ದರು.

ಇಷ್ಟೆಲ್ಲ ಆದರೂ ಗ್ರಂಥಪಾಲರು ತಡೆದುಕೊಳ್ಳುತ್ತಿದ್ದರು. ಆದರೆ ಗುರುವಾರ ಸಂಜೆ ಮನೆಗೆ ಬಂದರೆ ಹಜಾರದಲ್ಲಿ ಅತ್ತೆಯ ಹಾಸಿಗೆ ಬಿದ್ದಿತ್ತು.

"ನಿಮ್ಮಣ್ಣ ಬಂದ್ರೆ ಎಲ್ಲಿ ಮಲಗ್ತಾರೆ ಅಳಿಯಂದ್ರೇ?" ಎಂದು ಅತ್ತೆ ಪಿಸುಗುಟ್ಟಿದರು. "ನನ್ನ ಕೋಣೆ ಖಾಲಿ ಮಾಡಿದ್ದೀನಿ. ನನಗೇನು, ಇಲ್ಲೇ ಬಾಗಿಲ ಹತ್ತಿರ ಬಿದ್ದಿರ್ತೀನಿ."

ಎಂಬತ್ತು ವರ್ಷದ ಮುದುಕಿ, ಮಂಡಿನೋವು ಬೇರೆ, ಹುಟ್ಟೇ ಇಲ್ಲದವನಿಗಾಗಿ ನೆಲಕ್ಕೆ ಬಂದಿದ್ದರು. ಈ ಅಣ್ಣನನ್ನು ಇನ್ನೊಂದು ದಿನವೂ ಬದುಕಿಸಿಟ್ಟರೆ ಪಾಪ ಬರುತ್ತದೆ ಎಂದು ಗ್ರಂಥಪಾಲರಿಗೆ ಅನ್ನಿಸಿತು.

"ಅಣ್ಣ ಬರಲ್ಲ ಅತ್ತೆ" ಎಂದರು. "ಹೋಗಿಬಿಟ್ಟ. ಇವತ್ತು ಲೈಬ್ರರಿಗೆ ಕಾಗದ ಬಂತು."

ಒಂದು ಸುಳ್ಳನ್ನು ಕೊಂದರೆ ಅದು ಅಲ್ಲಿಗೆ ಮುಗಿಯುತ್ತದೆ ಎಂದು ಅವರು ತಿಳಿದಿದ್ದರು. ಅನುಭವ ಸಾಲದು. ಹೆಂಡತಿ ಗೋಳೋ ಎಂದು ಅತ್ತರು. ಮೂವತ್ತನಾಲ್ಕು ವರ್ಷದ ಅಭ್ಯಾಸದಿಂದ ದಿಂಬಿಗೆ ಬಾಯಿ ಒತ್ತಿಕೊಂಡು ಅತ್ತರು. ಮೇಲಿನ ಮನೆಯವರು ಊಟ ಕಳಿಸಿದರು. ಗುಮಾಸ್ತರು ಮಾತ್ರ ಕಣ್ಣೀರು ಹಾಕದೆ, ಮರುದಿನ ಬೆಳಿಗ್ಗೆಯೇ ಗ್ರಂಥಪಾಲರ ರಟ್ಟೆ ಹಿಡಿದು ನಗರಸಭೆಯ ಕಚೇರಿಗೆ ಕರೆದುಕೊಂಡು ಹೋದರು. "ಮರಣ ಪತ್ರ ಇಲ್ಲದ ಸಾವು ಸಾವೇ ಅಲ್ಲ ಸಾರ್. ಪತ್ರ ಇದ್ರೆ ನೀವೇ ವಾರಸುದಾರ ಅಂತ ಆ ಕಂಪನಿಯೋರಿಗೆ ಸಹಿ ಹಾಕಬಹುದು. ನಿಮ್ಮ ಅಣ್ಣನ ಹೆಸರು ಉಳಿಯುತ್ತೆ."

ಜನನ ಮರಣ ವಿಭಾಗದ ಅಧಿಕಾರಿ ಕಂಪ್ಯೂಟರನ್ನು ಬಹಳ ಹೊತ್ತು ನೋಡಿದರು.

"ಸಾರ್, ನಿಮ್ಮಣ್ಣ ಸತ್ತಿದ್ದಾರೆ ಅಂತೀರಿ. ನಮ್ಮಲ್ಲಿ ಅವರು ಹುಟ್ಟೇ ಇಲ್ಲ."

ಗ್ರಂಥಪಾಲರು ತಲೆ ಬಾಗಿಸಿದರು. ಇಡೀ ವಾರದಲ್ಲಿ ಅವರು ಕೇಳಿದ ಮೊದಲ ಸತ್ಯ ಅದು.

"ಹುಟ್ಟದೆ ಇರೋರನ್ನ ಸಾಯಿಸೋಕೆ ನನಗೆ ಅಧಿಕಾರ ಇಲ್ಲ" ಎಂದು ಅಧಿಕಾರಿ ವಿಷಾದದಿಂದ ಹೇಳಿದರು. "ಮೊದಲು ಹುಟ್ಟಿಸಿ. ಹುಟ್ಟೋದು ಅರವತ್ತು ವರ್ಷ ಯಾಕೆ ತಡ ಆಯ್ತು ಅಂತ ಒಂದು ವಿವರಣೆ ಬರೆದುಕೊಡಿ. ಹೆರಿಗೆ ಕಂಡ ಇಬ್ಬರು ಸಾಕ್ಷಿ ಕರ್ಕೊಂಡು ಬನ್ನಿ. ಆಮೇಲೆ ಮೂವತ್ತು ದಿನ ಬಿಟ್ಟು ಆರಾಮಾಗಿ ಸಾಯಿಸಬಹುದು."

"ಅಲ್ಲಿಯವರೆಗೂ?" ಎಂದರು ಗುಮಾಸ್ತರು.

"ಅಲ್ಲಿಯವರೆಗೂ ದುಃಖ ಪಡೋಕೆ ಅಡ್ಡಿಯಿಲ್ಲ. ಅದಕ್ಕೆ ಅರ್ಜಿ ಬೇಕಾಗಿಲ್ಲ."

ಗುಮಾಸ್ತರು ಈ ಮಾತನ್ನು ಸರ್ಕಾರಿ ಅನುಮತಿ ಎಂದೇ ತೆಗೆದುಕೊಂಡರು. ಭಾನುವಾರ ಹನ್ನೊಂದು ಗಂಟೆಗೆ ಕಟ್ಟಡದ ಕೆಳಗಿನ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ಏರ್ಪಾಡಾಯಿತು. ಬಾಡಿಗೆ ಕುರ್ಚಿಗಳು ಬಂದವು. ಮಿಂಚುವಿನ ಫೋಟೊ ಆಳೆತ್ತರಕ್ಕೆ ದೊಡ್ಡದಾಗಿ ಬಂತು. ಕಂಪನಿಯಾಕೆಯೇ ಸ್ಪೀಕರ್ ತಂದು, ದಿವಂಗತರ ಗೌರವಾರ್ಥ ಆಲ್ಬಂ ಕೇಳಿಸುತ್ತೇನೆ ಎಂದರು.

ಸಭೆಯಲ್ಲಿ ಮಾತಾಡಿದವರು ಆರು ಜನ. ಬಲೂನಿನ ಸಾಕ್ಷಿದಾರರು, "ಕೊನೆವರೆಗೂ ಮಕ್ಕಳಿಗೆ ಸಂತೋಷ ಹಂಚಿದ ಜೀವ" ಎಂದರು. ಔಷಧಿ ಅಂಗಡಿಯವರು ಅವನ ಮೂವರು ಹೆಂಡಂದಿರಿಗೂ ಸಾಂತ್ವನ ಹೇಳಿದರು. ಗುಮಾಸ್ತರು ಗ್ರಂಥಪಾಲರ ಕಡೆ ಕೈ ತೋರಿಸಿ, "ಅಣ್ಣ ಅಂಥ ಮಿಂಚು, ತಮ್ಮ ಇಂಥ ಬಂಡೆಗಲ್ಲು! ಒಂದೇ ಹೊಟ್ಟೇಲಿ ಹುಟ್ಟಿದೋರು ಅಂದ್ರೆ ಯಾರು ನಂಬ್ತಾರೆ?" ಎಂದು ಗದ್ಗದಿತರಾದರು. ಗ್ರಂಥಪಾಲರ ಕಣ್ಣೂ ತುಂಬಿತು. ಎಲ್ಲರೂ ಇಷ್ಟು ಹೊಗಳುವ ಅಣ್ಣನೊಬ್ಬ ತಮಗೆ ಇರಲಿಲ್ಲವಲ್ಲ ಎಂದು ಅವರಿಗೆ ನಿಜವಾಗಿಯೂ ದುಃಖವಾಗಿತ್ತು.

ಹಾಡು ಶುರುವಾಯಿತು. ಮೊದಲನೆಯದಕ್ಕೆ ಜನ ಗಂಭೀರವಾಗಿ ಕೂತಿದ್ದರು. ಎರಡನೆಯದಕ್ಕೆ, ಗುಮಾಸ್ತರು ಕರೆದದ್ದಕ್ಕೆ ಬಂದಿದ್ದ ನಗರಸಭೆಯ ಅಧಿಕಾರಿಯ ಪಾದ ತಾನಾಗಿ ತಾಳ ಹಾಕತೊಡಗಿತು, ಅವರು ಅದನ್ನು ಇನ್ನೊಂದು ಪಾದದಿಂದ ಮೆಟ್ಟಿ ಹಿಡಿದರು. ಮೂರನೇ ಹಾಡು ಬಂತು. ಗ್ರಂಥಪಾಲರು ಕುರ್ಚಿಯ ಅಂಚಿಗೆ ಸರಿದರು. ತಮ್ಮ ಗಂಟಲನ್ನು ಅವರು ಕೇಳುತ್ತಿದ್ದದ್ದು ಮೂವತ್ತನಾಲ್ಕು ವರ್ಷದ ಮೇಲೆ. ಎಷ್ಟು ಚೆನ್ನಾಗಿತ್ತು! ಕೂಗು ನಾಭಿಯಿಂದ ಹೊರಟಿತು, ಮೇಲೆ ಹತ್ತಿತು, ಒಂದು ಸುತ್ತು ಹಾಕಿತು, ಅಷ್ಟರಲ್ಲಿ ಸ್ಪೀಕರ್ ಕಿರ್ರೆಂದು ನಿಂತುಹೋಯಿತು.

"ಕ್ಷಮಿಸಿ" ಎಂದರು ಕಂಪನಿಯಾಕೆ. "ಇಲ್ಲಿಂದ ಮುಂದೆ ಟೇಪಿಗೆ ಬೂಷ್ಟು ಹಿಡಿದಿದೆ. ಆ ಕೂಗು ಹೇಗೆ ಮುಗೀತಿತ್ತು ಅಂತ ಉಳಿದ ಮೂವರಿಗೂ ನೆನಪಿಲ್ಲ, ಅವರಿಗೆ ಬರೋದೂ ಇಲ್ಲ. ಬರೋದು ಒಬ್ಬರಿಗೆ, ಪಾಪ ಅವರೇ ಇಲ್ಲ. ಈ ಹಾಡನ್ನ ಆಲ್ಬಮ್ಮಿನಿಂದ ತೆಗೀತಾ ಇದ್ದೀವಿ."

ತೆಗೆಯುವುದೇ? ಹದಿನೇಳು ಸಲ ಕೂಗಿದ್ದನ್ನು? ಯಾವುದಕ್ಕಾಗಿ ಗಂಟಲು ಹೋಯಿತೋ, ಯಾವುದಕ್ಕಾಗಿ ಒಬ್ಬ ಮನುಷ್ಯ ಮೂವತ್ತನಾಲ್ಕು ವರ್ಷ ಬಾಯಿ ಮುಚ್ಚಿ ಕೂತನೋ, ಅದನ್ನೇ ತೆಗೆಯುವುದೇ? ಗ್ರಂಥಪಾಲರು ಮಾನದ ಬಗ್ಗೆ, ಅತ್ತೆಯ ಬಗ್ಗೆ, ಇಲಾಖೆಯ ಬಗ್ಗೆ ಯೋಚಿಸಬೇಕಾಗಿತ್ತು. ಯೋಚಿಸುವಷ್ಟರಲ್ಲಿ ಅವರು ಎದ್ದು ನಿಂತಾಗಿತ್ತು, ಬಾಯಿ ತೆರೆದಾಗಿತ್ತು.

ಕೂಗು ನಿಂತಿದ್ದ ಜಾಗದಿಂದಲೇ ಹೊರಟಿತು. ಎರಡನೇ ಸುತ್ತು ಹಾಕಿತು. ಕಿಟಕಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಔಷಧಿ ಅಂಗಡಿಯವರು ಎದೆ ಹಿಡಿದುಕೊಂಡರು. ಹನ್ನೊಂದು ಸೆಕೆಂಡು ಪೂರ್ತಿ, ಒಂದೂ ಬಾಕಿಯಿಲ್ಲದಂತೆ, ಕೂಗು ಕುಣಿಯುತ್ತ ಕೆಳಗಿಳಿದು ನಿಂತಿತು.

ಆಮೇಲೆ ಆದ ನಿಶ್ಶಬ್ದವನ್ನು ಗ್ರಂಥಾಲಯದಲ್ಲೂ ಯಾರೂ ಕೇಳಿರಲಿಲ್ಲ.

ಅತ್ತೆ ಎದ್ದರು. ಮಂಡಿ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು ಅಳಿಯನ ಮುಂದೆ ಬಂದು ನಿಂತರು.

"ಅಳಿಯಂದ್ರೇ, ಇದು ಯಾರ ಗಂಟಲು?"

"ನಂದೇ ಅತ್ತೆ."

"ಹಾಗಾದ್ರೆ ಅಣ್ಣ?"

"ಇರಲೇ ಇಲ್ಲ ಅತ್ತೆ. ನಾನೇ ಮಿಂಚು. ಅವತ್ತು ಹೆಣ್ಣು ನೋಡೋಕೆ ಬಂದಾಗ ಈ ಕೂಗು ಕೂಗಿ ಗಂಟಲು ಹೋಗಿತ್ತು. ಅಪ್ಪ ಗಂಭೀರ ಅಂದುಬಿಟ್ರು. ಆಮೇಲೆ ಹೇಳೋಕೆ ಹೆದರಿಕೆ ಆಯ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಇಷ್ಟು ವರ್ಷ ಆಗೋಯ್ತು. ತಪ್ಪಾಯ್ತು."

"ಅಂದ್ರೆ, ಅದು ಗಾಂಭೀರ್ಯ ಅಲ್ಲ?"

"ಗಂಟಲು ನೋವು."

"ಗಂಟಲು ನೋವಾ!"

ಇದು ಪಿಸುಮಾತಾಗಿರಲಿಲ್ಲ. ಎಂಬತ್ತರ ಮುದುಕಿಯ ಒಳಗೆ ಅಂಥ ದನಿ ಇದೆಯೆಂದು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. ಹಿಂದಿನ ಸಾಲಿನ ಒಬ್ಬರು ಗುಡುಗು ಎಂದುಕೊಂಡು ಒಣಹಾಕಿದ ಬಟ್ಟೆ ತೆಗೆಯಲು ಎದ್ದರು.

"ಒಂದು ಗಂಟಲು ನೋವಿಗೆ ನಾನು ಮೂವತ್ತನಾಲ್ಕು ವರ್ಷ ಬೇಯದ ಬೇಳೆ ತಿಂದೆನಲ್ರೀ! ನಮ್ಮ ಮನೇಲಿ ಗಂಡ, ಹೆಂಡ್ತಿ, ಮಗಳು ಮೂರು ಜನ ಮಾತಾಡಿದ್ರೆ ಹಿಂದಿನ ಬೀದಿಯೋರು ಜಗಳ ಬಿಡಿಸೋಕೆ ಓಡಿ ಬರ್ತಿದ್ರು! ನಿಮ್ಮನ್ನ ನೋಡಿದ ದಿನ ನಮ್ಮೋರು ಏನಂದ್ರು ಗೊತ್ತಾ? ಇಂಥ ಗಂಭೀರ ಹುಡುಗ ಸಿಗಲ್ಲ, ಮದುವೆ ಆಗೋವರೆಗೂ ಎಲ್ರೂ ಬಾಯಿಗೆ ಬೀಗ ಹಾಕ್ಕೊಳ್ಳಿ ಅಂದ್ರು. ಹಾಕ್ಕೊಂಡ್ವಿ. ಆಮೇಲೆ ತೆಗೆಯೋಕೆ ಧೈರ್ಯವೇ ಬರಲಿಲ್ಲ. ಪಾಪ, ಅವರು ಹಾಗೇ ಹೋಗಿಬಿಟ್ರು, ಕೊನೇ ದಿನಾನೂ ಪಿಸುಗುಟ್ಟಿಕೊಂಡು!"

ಅಷ್ಟರಲ್ಲಿ ಸಭೆಯ ಮಧ್ಯದಿಂದ ವಿಚಿತ್ರವಾದ ಸದ್ದೊಂದು ಎದ್ದಿತು. ಕುದುರೆ ಕೆನೆದಂತೆ ಶುರುವಾಗಿ, ಮಧ್ಯೆ ಉಸಿರು ಸಿಕ್ಕಿಕೊಂಡು, ಮತ್ತೆ ಕೆನೆಯುತ್ತಿತ್ತು. ಗ್ರಂಥಪಾಲರು ಗಾಬರಿಯಿಂದ ತಿರುಗಿ ನೋಡಿದರು. ಅವರ ಹೆಂಡತಿ ನಗುತ್ತಿದ್ದರು. ಮದುವೆಯಾಗಿ ಮೂವತ್ತನಾಲ್ಕು ವರ್ಷವಾಗಿತ್ತು, ಹೆಂಡತಿಯ ನಗು ಹೇಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಅದು ಅವರಿಗೆ ತುಂಬ ಹಿಡಿಸಿತು.

ನಗು ಮುಗಿದ ಮೇಲೆ ಹೆಂಡತಿಗೆ ಸಿಟ್ಟೂ ಬಂತು. "ಮೂರು ದಿನ ಅತ್ತಿದ್ದೀನಿ ಕಣ್ರೀ! ನಾನು ಅತ್ತಿದ್ದು ಯಾರಿಗೋಸ್ಕರ? ಆ ಬಲೂನಿನವನಿಗೆ ಊಟ ಬೇರೆ ಕೊಟ್ಟು ಬಂದಿದ್ದೀನಿ ಒಂದು ದಿನ!"

"ಅದೆಲ್ಲ ಇರಲಿ" ಎಂದು ಗುಮಾಸ್ತರು ನಡಾವಳಿ ಪುಸ್ತಕ ಹಿಡಿದು ನಿಂತರು. "ದಿವಂಗತರೇ ಎದ್ದು ಹಾಡಿದ್ರು ಅಂತ ಬರೆದ್ರೆ ಯಾವ ಕೋರ್ಟಲ್ಲೂ ನಿಲ್ಲಲ್ಲ. ಏನಂತ ಬರೀಲಿ?"

ನಗರಸಭೆಯ ಅಧಿಕಾರಿಯ ಮುಖದಲ್ಲಿ ಮಾತ್ರ ಪರಮ ಶಾಂತಿ ಇತ್ತು. "ನಾನು ಹೇಳಲಿಲ್ವಾ?" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದರು. "ಕಂಪ್ಯೂಟರ್ ಸುಳ್ಳು ಹೇಳಲ್ಲ."

ಕಂಪನಿಯಾಕೆ ಫೋನನ್ನು ಎತ್ತಿ ತೋರಿಸಿದರು. ಕೂಗು ಪೂರ್ತಿ ಅದರಲ್ಲಿ ದಾಖಲಾಗಿತ್ತು. ಮೊದಲ ಹನ್ನೊಂದು ಸೆಕೆಂಡು ಇಪ್ಪತ್ತನಾಲ್ಕರ ಗಂಟಲು, ಉಳಿದ ಹನ್ನೊಂದು ಐವತ್ತೆಂಟರ ಗಂಟಲು, ಹಾಗೇ ಸೇರಿಸಿ ಬಿಡುಗಡೆ ಮಾಡುತ್ತೇವೆ ಎಂದರು. ಗ್ರಂಥಪಾಲರು ಅಲ್ಲೇ, ತಮ್ಮ ಶ್ರದ್ಧಾಂಜಲಿಯ ಮೇಜಿನ ಮೇಲೆ, ಸಹಿ ಹಾಕಿದರು.

ಮನೆಗೆ ಹೋಗುವಾಗ ಮೆಟ್ಟಿಲ ಮೇಲೆ ಮಾತು ಶುರುವಾಯಿತು. ಹದಿನೇಳು ಸಲ ಕೂಗಿದ್ದರಿಂದ ಹಿಡಿದು, ಗೆಳೆಯರು, ನೀಲಿ, ನೇರಳೆ, ಪ್ಯಾಂಟು ಹೊಲಿದ ದರ್ಜಿ, ಲೈಬ್ರರಿಯ ಜಿರಳೆ, ಮೊದಲ ದಿನ ಹೆಂಡತಿ ಉಟ್ಟಿದ್ದ ಸೀರೆ ಎಷ್ಟು ಚೆನ್ನಾಗಿತ್ತು ಎಂದು ಅವತ್ತು ಹೇಳಲಾಗದೆ ಒದ್ದಾಡಿದ್ದು, ಹೀಗೆ ಮೂವತ್ತನಾಲ್ಕು ವರ್ಷ ಒಳಗೆ ಪೇರಿಸಿಟ್ಟದ್ದೆಲ್ಲ ಒಂದರ ಮೇಲೊಂದು ಉರುಳಿ ಬಂತು. ಬೀಗ ತೆಗೆಯುವಾಗಲೂ ನಿಲ್ಲಲಿಲ್ಲ, ಕೈಕಾಲು ತೊಳೆಯುವಾಗಲೂ ನಿಲ್ಲಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಇನ್ನೂ ಜೋರಾಗಿ ಮಾತಾಡುತ್ತಿದ್ದದ್ದರಿಂದ ಅವರೂ ದನಿ ಏರಿಸಬೇಕಾಯಿತು. ಊಟಕ್ಕೆ ಕೂತರು, ತುತ್ತು ಕೈಯಲ್ಲೇ ಒಣಗಿತು, ಮಾತು ಸಾಗಿತು.

"ರೀ" ಎಂದರು ಹೆಂಡತಿ. "ಸ್ವಲ್ಪ ಬಾಯಿ ಮುಚ್ಕೊಂಡು ಊಟ ಮಾಡ್ತೀರಾ?"

ಗ್ರಂಥಪಾಲರು ಥಟ್ಟನೆ ನಿಲ್ಲಿಸಿದರು. ಮದುವೆಯಾದಾಗಿನಿಂದ ಹೆಂಡತಿ ಅವರಿಗೆ ಈ ಮಾತು ಹೇಳಿದ್ದು ಇದೇ ಮೊದಲು. ಎದೆಯ ಮೇಲಿದ್ದ ಭಾರವೆಲ್ಲ ಇಳಿದಂತಾಯಿತು. ಜೀವನದಲ್ಲಿ ಇಷ್ಟು ಹಗುರ ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಅದನ್ನೂ ಅವರು ಬಾಯಿ ಬಿಟ್ಟೇ ಹೇಳಿದರು.